ಒಂಬತ್ತನೇ ಟ್ಯಾಂಕಿನ ಕಹಿ

ಬಿಯರ್ ರುಚಿ ನೋಡುವುದು ನನ್ನ ಕೆಲಸವಾಗಿತ್ತು ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ ನನ್ನ ಸೀರೆ, ಹಣೆಯ ವಿಭೂತಿ ನೋಡಿ ಇನ್ನೊಂದು ಸಲ ನಗುತ್ತಾರೆ. ಕೊನೆಗೆ ಧ್ವನಿ ತಗ್ಗಿಸಿ, "ದಿನಾ ಕುಡೀತಿದ್ರಾ ಆಂಟಿ?" ಎಂದು ಕೇಳುತ್ತಾರೆ. ಹೌದು, ದಿನಾ ಕುಡಿಯುತ್ತಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಬಿಳಿ ಕೋಟು ಹಾಕಿಕೊಂಡು, ಗ್ಲಾಸಿಗೆ ಮೂರು ಗುಟುಕಿನಂತೆ.

ಈಚೆಗೆ ನಮ್ಮ ಬೀದಿಯ ಹುಡುಗಿಯೊಬ್ಬಳು ಇಂಥದೇ ಕೆಲಸಕ್ಕೆ ಸೇರಿದ್ದಾಳೆ. ಈಗ ಬಿಯರನ್ನು ಹೋಟೆಲಿನ ಒಳಗೇ ಕುದಿಸುತ್ತಾರಂತೆ. ಗಿರಾಕಿಗಳ ಕಣ್ಣೆದುರಿಗೇ ಹಂಡೆ ಇರುತ್ತದಂತೆ. ಕಹಿಯಾದಷ್ಟೂ, ಗಟ್ಟಿಯಾದಷ್ಟೂ ಬೇಡಿಕೆ ಜಾಸ್ತಿಯಂತೆ. ಅವಳು ಅದನ್ನೆಲ್ಲ ಹೊಸ ಸುದ್ದಿಯ ಹಾಗೆ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಂಥ ಬಿಯರನ್ನು ನಾವು ಎಂಬತ್ತರ ದಶಕದಲ್ಲೇ ಕೆಂಗೇರಿಯ ಹತ್ತಿರ ಮಾಡಿದ್ದೆವು. ಬೇಕೆಂದು ಮಾಡಿದ್ದಲ್ಲ, ಅಷ್ಟೆ. ಅವಳಿಗೂ ಅವಳಂಥವರಿಗೂ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ, ಬಿಟ್ಟಿದ್ದೇನೆ.

ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಮೈಸೂರು ರಸ್ತೆಯ ಆ ಬಿಯರ್ ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ಕಾರ್ಖಾನೆಯ ಹೆಸರು ಬೇಡ. ಈಗ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಎದ್ದಿದೆ, ನೊರೆ ಇದ್ದ ಜಾಗದಲ್ಲಿ ಈಜುಕೊಳ ಇದೆ. ಮೊದಲ ಆರು ತಿಂಗಳು ನನ್ನದು ಸಕ್ಕರೆ ಅಂಶ ಅಳೆಯುವ, ಹುಳಿ ಅಳೆಯುವ ಕೆಲಸ. ಬಾಯಿಗೂ ಬಿಯರಿಗೂ ಸಂಬಂಧವಿರಲಿಲ್ಲ. ಅಷ್ಟರಲ್ಲಿ ರುಚಿ ನೋಡುವ ಪ್ಯಾನಲ್‌ನಲ್ಲಿದ್ದ ಹಿರಿಯರೊಬ್ಬರು ನಿವೃತ್ತರಾದರು. ಅವರ ಜಾಗಕ್ಕೆ ಜನ ಹುಡುಕಲು ನಮ್ಮ ಬ್ರೂಮಾಸ್ಟರ್ ಪೊನ್ನಪ್ಪನವರು ಲ್ಯಾಬಿನವರನ್ನೆಲ್ಲ ಸಾಲಾಗಿ ಕೂರಿಸಿದರು. ಪೊನ್ನಪ್ಪ ವಿದೇಶದಲ್ಲಿ ಬಿಯರ್ ವಿದ್ಯೆ ಕಲಿತು ಬಂದವರು. ದಪ್ಪ ಮೀಸೆ. ಮೀಸೆಯ ತುದಿಯಲ್ಲಿ ಸದಾ ಒಂದು ಚುಕ್ಕೆ ನೊರೆ.

ಆರು ಲೋಟ ನೀರು ಇಟ್ಟಿದ್ದರು. ನಾಲ್ಕರಲ್ಲಿ ಕ್ವಿನೈನ್ ಮಾತ್ರೆಯ ಕಹಿಯನ್ನು ಹೆಚ್ಚು ಕಡಿಮೆ ಬೆರೆಸಿದ್ದರು. ಕಹಿಯ ಪ್ರಕಾರ ಜೋಡಿಸಬೇಕು. ಉಳಿದವರು ಮುಖ ಕಿವುಚಿ ಹೊರಗೆ ಓಡಿದರು. ನಾನು ಎರಡು ನಿಮಿಷದಲ್ಲಿ ಜೋಡಿಸಿ, "ಇವೆರಡರಲ್ಲಿ ಏನೂ ಇಲ್ಲ ಸಾರ್. ಆದ್ರೆ ಒಂದು ಲೋಟಕ್ಕೆ ಸೋಪಿನ ರುಚಿ ಇದೆ" ಎಂದೆ.

ಪೊನ್ನಪ್ಪ ನನ್ನನ್ನೇ ನೋಡಿದರು. "ನಿಮ್ ಮನೇಲಿ ಏನಮ್ಮಾ ಅಡುಗೆ ಮಾಡ್ತಾರೆ?"

"ವಾರಕ್ಕೆ ನಾಲ್ಕು ದಿನ ಹಾಗಲಕಾಯಿ ಸಾರ್. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ."

"ಉಳಿದ ಮೂರು ದಿನ?"

"ಮೆಂತ್ಯದ ಸೊಪ್ಪು."

"ನಾಳೆಯಿಂದ ಪ್ಯಾನಲ್‌ಗೆ ಬನ್ನಿ" ಎಂದರು.

ಪ್ಯಾನಲ್ ಎಂದರೆ ನಾಲ್ಕು ಜನ. ಪೊನ್ನಪ್ಪ, ನಾನು, ಹಂಡೆಮನೆಯ ಮುನಿಯಪ್ಪ ಮತ್ತು ವರ್ಕ್ಸ್ ಮ್ಯಾನೇಜರ್ ರಂಗಸ್ವಾಮಿ. ಮುನಿಯಪ್ಪ ಕೆಂಗೇರಿಯವನು. ಇಪ್ಪತ್ತು ವರ್ಷದಿಂದ ಬಿಯರ್ ಕುದಿಸುವ ಹಂಡೆಯ ಪಕ್ಕದಲ್ಲೇ ನಿಂತು, ಕಣ್ಣು ಮುಚ್ಚಿಕೊಂಡು ಆವಿಯ ವಾಸನೆಯಿಂದಲೇ ಹೊತ್ತು ಹೇಳುವಷ್ಟು ಪಳಗಿದ್ದ. ರಂಗಸ್ವಾಮಿಯವರಿಗೆ ಮಾತ್ರ ವಾಸನೆಯೇ ಬರುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ನಶ್ಯ ಏರಿಸುತ್ತಿದ್ದರು. ಮ್ಯಾನೇಜರ್ ಆದ್ದರಿಂದ ಪ್ಯಾನಲ್‌ನಲ್ಲಿ ಇರಲೇಬೇಕು, ಆದ್ದರಿಂದ ಇದ್ದರು. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, ನಮ್ಮ ಮೂವರ ಮುಖವನ್ನು ಓದಿ, "ಐ ಅಗ್ರೀ" ಎನ್ನುತ್ತಿದ್ದರು. ಅವರ ವಿಷಯ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತು ಎಂಬುದು ಅವರೊಬ್ಬರಿಗೆ ಗೊತ್ತಿರಲಿಲ್ಲ.

ಮೊದಲ ದಿನವೇ ನನ್ನನ್ನು ಹೊರಗೆ ಕಳಿಸಿದರು. ಹೊಸ ಕೆಲಸವೆಂದು ಮುಡಿ ತುಂಬ ಮಲ್ಲಿಗೆ ಮುಡಿದು ಹೋಗಿದ್ದೆ. ಗ್ಲಾಸು ಎತ್ತಿದವನೇ ಮುನಿಯಪ್ಪ, "ಸಾರ್, ಬಿಯರ್‌ನಲ್ಲಿ ಮದುವೆ ಮನೆ ವಾಸನೆ ಬರ್ತಾ ಐತೆ" ಎಂದ. ಹೂವು ತೆಗೆದಿಟ್ಟು ಬಂದೆ. ತಲೆಗೆ ಹಚ್ಚಿದ್ದ ಕೊಬ್ಬರಿ ಎಣ್ಣೆಯೂ ಅಡ್ಡ ಬಂತು. ಆ ದಿನ ರುಚಿ ನೋಡಿದ್ದೇ ಆಗಲಿಲ್ಲ. ಮಾರನೆಯ ದಿನ ಬೋಳು ಜಡೆಯಲ್ಲಿ ಹೋಗಿ ಕೂತೆ. ಬಾಯಿಗೆ ಹಾಕಿಕೊಂಡು, ತಿರುಗಿಸಿ, ಉಗುಳಲು ತೊಟ್ಟಿ ಹುಡುಕಿದೆ. ಪೊನ್ನಪ್ಪ ತಲೆಯಾಡಿಸಿದರು. "ದ್ರಾಕ್ಷಿ ವೈನ್ ಆದ್ರೆ ಉಗುಳಬಹುದು. ಬಿಯರ್ ಉಗುಳೋ ಹಾಗಿಲ್ಲ. ಕಹಿ ಸಿಗೋದು ಗಂಟಲ ಬಾಗಿಲಲ್ಲಿ. ನುಂಗ್ಬೇಕು." ಶಿವನನ್ನು ಒಮ್ಮೆ ನೆನೆದು ನುಂಗಿದೆ. ಹುಳಿ ಬಂದ ಬಾರ್ಲಿ ಗಂಜಿಗೆ ಸೋಡಾ ಬೆರೆಸಿದ ಹಾಗಿತ್ತು. ಇದಕ್ಕಾಗಿ ಜನ ಸಂಸಾರ ಹಾಳುಮಾಡಿಕೊಳ್ಳುತ್ತಾರೆಯೇ ಎಂದು ನಿಜಕ್ಕೂ ಆಶ್ಚರ್ಯವಾಯಿತು.

ಹೊಸಬರಿಗೆ ಒಂದು ಮಾತು. ನಾಲಿಗೆಗಿಂತ ಮೊದಲು ಗ್ಲಾಸನ್ನು ಪರೀಕ್ಷಿಸಿ. ಪ್ಯಾನಲ್‌ಗೆ ಸೇರಿದ ಎರಡನೆಯ ತಿಂಗಳಲ್ಲಿ ನಾನು ಎರಡು ಟ್ಯಾಂಕ್ ಬಿಯರಿಗೆ ಚರಂಡಿ ವಾಸನೆ ಬಂದಿದೆ ಎಂದು ಘೋಷಿಸಿದೆ. ಪೊನ್ನಪ್ಪ ಮೂರು ದಿನ ಪೈಪುಗಳನ್ನೆಲ್ಲ ಬಿಚ್ಚಿಸಿ ತೊಳೆಸಿದರು. ನಾಲ್ಕನೆಯ ದಿನ ತಿಳಿಯಿತು, ಗ್ಲಾಸ್ ಒರೆಸುವ ಬಟ್ಟೆಯನ್ನು ಹಿಂದಿನ ಬೇಲಿಗೆ ಒಣಹಾಕುತ್ತಿದ್ದರು, ಬೇಲಿಯ ಆಚೆ ಊರಿನ ಕೊಳಚೆಯನ್ನೆಲ್ಲ ಹೊತ್ತ ವೃಷಭಾವತಿ ಹರಿಯುತ್ತಿತ್ತು. ಬಿಯರ್ ಚೆನ್ನಾಗಿಯೇ ಇತ್ತು. ಅಂದಿನಿಂದ ಪೊನ್ನಪ್ಪ ನನಗೊಂದು ನಿಯಮ ಮಾಡಿದರು. ರಸ್ತೆಯುದ್ದಕ್ಕೂ ಅದೇ ಹೊಳೆ ಪಕ್ಕದಲ್ಲಿ ಹರಿಯುತ್ತಿದ್ದುದರಿಂದ, ದೀಪಾಂಜಲಿ ನಗರದಲ್ಲಿ ಕಂಪನಿ ವ್ಯಾನ್ ಹತ್ತಿದ ಕೂಡಲೇ ಕರವಸ್ತ್ರದಿಂದ ಮೂಗು ಮುಚ್ಚಿಕೊಳ್ಳಬೇಕು, ಕಾರ್ಖಾನೆಯೊಳಗೆ ಬಂದ ಮೇಲೆಯೇ ತೆಗೆಯಬೇಕು. ವ್ಯಾನಿನಲ್ಲಿದ್ದವರು ನನಗೆ ಏನೋ ಅಂಟುರೋಗ ಎಂದುಕೊಂಡು ಪಕ್ಕದ ಸೀಟು ಖಾಲಿ ಬಿಡುತ್ತಿದ್ದರು. ಅಷ್ಟು ಆರಾಮವಾಗಿ ಕೂತು ಕೆಲಸಕ್ಕೆ ಹೋದವರು ಆ ಕಾಲದಲ್ಲಿ ಕಡಿಮೆ.

ಇನ್ನು ಮನೆಯ ವಿಷಯ. ನಾವು ತಿಪಟೂರು ಕಡೆಯ ಲಿಂಗಾಯತರು, ರಾಜಾಜಿನಗರದಲ್ಲಿ ಬಾಡಿಗೆ ಮನೆ. ನಮ್ಮ ತಂದೆ ನಂಜುಂಡಪ್ಪ ನಿವೃತ್ತ ಹೆಡ್‌ಮಾಸ್ಟರು, ಕನ್ನಡ ಪಂಡಿತರು. ಕಾಗದದ ಮೇಲೆ ಏನು ಕಂಡರೂ ತಿದ್ದುವವರು. ಮದುವೆ ಕರೆಯೋಲೆಗಳನ್ನು ಕೆಂಪು ಇಂಕಿನಲ್ಲಿ ತಿದ್ದಿ, ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಅವರಿಗೆ ನಾನು ಬಿಯರ್ ಕಾರ್ಖಾನೆ ಎಂದು ಹೇಳಲಿಲ್ಲ. ಕಂಪನಿಯ ಹೆಸರಿನಲ್ಲಿ ಮಾಲ್ಟ್ ಎಂಬ ಮಾತಿತ್ತು, ಅದನ್ನಷ್ಟೇ ಹೇಳಿದೆ. ಅವರು ಅದನ್ನು ಮಕ್ಕಳು ಹಾಲಿಗೆ ಹಾಕಿಕೊಂಡು ಕುಡಿಯುವ ಪುಡಿ ಎಂದು ತಿಳಿದರು. ನಾನು ತಿದ್ದಲಿಲ್ಲ. ಜೀವಮಾನವಿಡೀ ಬೇರೆಯವರನ್ನು ತಿದ್ದಿದವರನ್ನು ನಾನು ಹೇಗೆ ತಿದ್ದಲಿ? ಬೀದಿಯ ತಾಯಂದಿರೆಲ್ಲ, "ಗಿರಿಜಾ, ನಮ್ ಮಗೂಗೆ ಸ್ವಲ್ಪ ಪುಡಿ ತಂದ್ಕೊಡೇ" ಎನ್ನತೊಡಗಿದರು. ನಾನು ಲ್ಯಾಬಿನಿಂದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಕೇಳಿ ತಂದು, ಪುಡಿ ಮಾಡಿ ಹಂಚಿದೆ. ಮಕ್ಕಳು ದುಂಡಗಾದವು. ಅಪ್ಪನಿಗೆ ಬೀದಿಯಲ್ಲಿ ಗೌರವ ಹೆಚ್ಚಿತು. ಸಂಜೆ ಮನೆಗೆ ಬರುವಾಗ ನಾನು ಎರಡು ಏಲಕ್ಕಿ ಅಗಿದುಕೊಂಡು ಬರುತ್ತಿದ್ದೆ. ಹೀಗೆ ಮೂರು ವರ್ಷ ನಡೆಯಿತು.

ಒಂಬತ್ತನೇ ಟ್ಯಾಂಕಿನ ಕಥೆ ನಡೆದದ್ದು ಆಗ. ಬೇಸಿಗೆ. ಹಂಡೆಯಲ್ಲಿ ಒಂದು ಪೂರ್ತಿ ಟ್ಯಾಂಕ್ ಬಿಯರಿಗೆ ಬೇಕಾದ ಮಾಲ್ಟ್ ಸುರಿದಾಗಿದೆ, ಅಷ್ಟರಲ್ಲಿ ಬೋರ್‌ವೆಲ್ ಮೋಟಾರು ಸುಟ್ಟುಹೋಯಿತು. ಟ್ಯಾಂಕರಿಗೆ ಹೇಳಿ ಕಳಿಸಿದರೆ ಅದು ವಿಜಯನಗರದ ಒಂದು ಛತ್ರಕ್ಕೆ ಹೋಗಿತ್ತು. ಅಲ್ಲಿ ಬೀಗರ ಊಟ, ನಮಗಿಂತ ಅವರ ಅವಸರ ಜೋರು. ಹೀಗಾಗಿ ಮಾಲ್ಟ್ ಪೂರ್ತಿ, ನೀರು ಅರ್ಧ. ಅಂದರೆ ಬಿಯರ್ ಎರಡರಷ್ಟು ಗಟ್ಟಿ.

ಇಷ್ಟೇ ಆಗಿದ್ದರೆ ಸರಿಮಾಡಬಹುದಿತ್ತು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ಒಣಗಿಸಿ ಮೂಟೆಯಲ್ಲಿ ಬರುತ್ತದೆ. ಅದನ್ನು ಕುದಿಯುವ ಹಂಡೆಗೆ ಅಳೆದು ಹಾಕಬೇಕು. ಆ ವಾರ ಪೊನ್ನಪ್ಪನಿಗೂ ಮುನಿಯಪ್ಪನಿಗೂ ಮಾತಿರಲಿಲ್ಲ. ಹಂಡೆಮನೆಯಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದ ಮುನಿಯಪ್ಪನ ರೇಡಿಯೋದಿಂದ ಪೊನ್ನಪ್ಪ ಸೆಲ್ ಕಿತ್ತುಕೊಂಡಿದ್ದರು, ಅದೂ ಕೊನೆಯ ಓವರಿನಲ್ಲಿ. ಪೊನ್ನಪ್ಪ ಬಂದು ಹಾಪ್ಸ್ ಹಾಕಿ ಹೋದರು, ಮುನಿಯಪ್ಪನಿಗೆ ಹೇಳಲಿಲ್ಲ. ಮುನಿಯಪ್ಪ ಬಂದು ಹಾಕಿದ, ಪೊನ್ನಪ್ಪನನ್ನು ಕೇಳಲಿಲ್ಲ. ಅರ್ಧ ನೀರಿಗೆ ಎರಡು ಪಾಲು ಹಾಪ್ಸ್. ಲೆಕ್ಕ ಗೊತ್ತಿರುವವರಿಗೆ ತಿಳಿಯುತ್ತದೆ, ಅದು ನಾಲ್ಕು ಪಟ್ಟು.

ವಿಷಯ ಹೊರಬಿದ್ದಾಗ ಬಿಯರ್ ಆಗಲೇ ಒಂಬತ್ತನೇ ಟ್ಯಾಂಕಿನಲ್ಲಿ ಹುಳಿಯಲು ಹೋಗಿ ಕೂತಿತ್ತು. ರಂಗಸ್ವಾಮಿ ಕೆಂಡವಾದರು. "ಇದನ್ನ ಚೆಲ್ಲಿಬಿಡಿ. ಮುನಿಯಪ್ಪನ್ನ ಮನೆಗೆ ಕಳಿಸಿ" ಎಂದರು. ಪೊನ್ನಪ್ಪ ಮರ್ಯಾದಸ್ಥರು, "ನಾನೂ ಹಾಕಿದೀನಿ ಸಾರ್" ಎಂದರು. "ನೀವು ಆಫೀಸರ್. ಆಫೀಸರ್ ಹಾಕಿದ್ದು ಸರಿಯಾಗೇ ಇರುತ್ತೆ. ಎರಡನೇದಾಗಿ ಹಾಕಿದ್ದು ತಪ್ಪು" ಎಂದು ರಂಗಸ್ವಾಮಿ ತೀರ್ಪು ಕೊಟ್ಟರು. ಮುನಿಯಪ್ಪನನ್ನು ಕೆಲಸದಿಂದ ತೆಗೆಯುವ ಪತ್ರ ಟೈಪಾಯಿತು. ಸಹಿಗೆ ಮಾತ್ರ ಮಾಲೀಕರು ಬರಬೇಕು. ಮಾಲೀಕರನ್ನು ನಾವು ದೊಡ್ಡಸಾರ್ ಎನ್ನುತ್ತಿದ್ದೆವು. ಅವರು ಫೋನಿನಲ್ಲಿ ಒಂದೇ ಮಾತು ಹೇಳಿದರು. "ಬಿಯರ್ ಮಾಗಲಿ. ಪ್ಯಾನಲ್ ರುಚಿ ನೋಡಿ ವರದಿ ಬರೀಲಿ. ಕೆಟ್ಟಿದೆ ಅಂದ್ರೆ ಚೆಲ್ಲೋಣ, ಅವನನ್ನೂ ಕಳಿಸೋಣ. ಕೆಟ್ಟಿಲ್ಲ, ಬರೀ ಜಾಸ್ತಿ ಆಗಿದೆ ಅಂದ್ರೆ ಬೇರೆ ಟ್ಯಾಂಕ್‌ಗಳಿಗೆ ಸ್ವಲ್ಪ ಸ್ವಲ್ಪ ಬೆರೆಸೋಣ."

ವರದಿ ಬರೆಯುವ ಸರದಿ ನನ್ನದಾಗಿತ್ತು.

ಆರು ವಾರದ ಮೇಲೆ ಒಂದು ಬೆಳಿಗ್ಗೆ ನಾಲ್ಕು ಗ್ಲಾಸು ಬಂತು. ಮುನಿಯಪ್ಪ ಪ್ಯಾನಲ್‌ನಲ್ಲಿದ್ದರೂ ಅವತ್ತು ಗ್ಲಾಸು ಮುಟ್ಟದೆ ಬಾಗಿಲ ಹತ್ತಿರ ನಿಂತ. ಕುಡಿಯುವ ಮೊದಲೇ ಕೋಣೆ ತುಂಬ ಪರಿಮಳ ಹಬ್ಬಿತು. ಮೊದಲ ಗುಟುಕಿಗೆ ನನ್ನ ಕಣ್ಣಲ್ಲಿ ನೀರು ಬಂತು. ಹಾಗಲಕಾಯಿಯಲ್ಲಿ ಹುಟ್ಟಿ ಬೆಳೆದ ನಾನೇ ಮೇಜು ಹಿಡಿದುಕೊಂಡೆ. ಎರಡನೆಯದನ್ನು ಕರ್ತವ್ಯವೆಂದು ನುಂಗಿದೆ. ಮೂರನೆಯದಕ್ಕೆ ಏನೋ ಆಯಿತು. ನಾಲ್ಕನೆಯ ಗುಟುಕು ಕುಡಿಯುವ ನಿಯಮವಿರಲಿಲ್ಲ. ಕುಡಿದೆ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಒಂದು ಬಿಯರ್ ನನಗೆ ಇಷ್ಟವಾಗಿತ್ತು.

ಅಷ್ಟರಲ್ಲಿ ಪಕ್ಕದಲ್ಲಿ ವಿಚಿತ್ರ ಸದ್ದು ಕೇಳಿಸಿತು. ರಂಗಸ್ವಾಮಿ ಅಭ್ಯಾಸದಂತೆ ಗ್ಲಾಸನ್ನು ಮೂಗಿಗೆ ಹಿಡಿದವರು ಹಾಗೇ ಗರಬಡಿದು ಕೂತಿದ್ದರು. ಮತ್ತೆ ಮೂಸಿದರು. ಗ್ಲಾಸು ಇಳಿಸಿದರು. ಮತ್ತೆ ಎತ್ತಿ ಮೂಸಿದರು.

"ಏನಾಯ್ತು ಸಾರ್?" ಎಂದರು ಪೊನ್ನಪ್ಪ.

"ಏನೂ ಇಲ್ಲ. ಇವತ್ತು... ಇದರಲ್ಲಿ... ವಾಸನೆ ಇದೆ."

"ದಿನಾ ಇರುತ್ತಲ್ಲ ಸಾರ್?"

ರಂಗಸ್ವಾಮಿಯ ಮುಖ ನೋಡಬೇಕಿತ್ತು. ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಇಷ್ಟು ವರ್ಷ ಹಾಕಿದ ಸಹಿಗಳ ಗತಿ ಏನು? "ಐ ಅಗ್ರೀ" ಎಂದುಬಿಟ್ಟು, ಗ್ಲಾಸು ಹಿಡಿದುಕೊಂಡೇ ತಮ್ಮ ಕೋಣೆಗೆ ಹೋದರು.

ಆದರೆ ಚೆಲ್ಲಬೇಕೆಂಬ ಹಟ ಅವರು ಬಿಟ್ಟಿರಲಿಲ್ಲ. ಅವತ್ತು ಹೊರಡುವಾಗ ಮುನಿಯಪ್ಪ ನನ್ನ ವ್ಯಾನಿನ ಹತ್ತಿರ ಬಂದ. "ಅಮ್ಮಾವ್ರೇ, ನನ್ ಮುಖ ನೋಡಿ ಏನೂ ಬರೀಬೇಡಿ. ನಿಮ್ ನಾಲಿಗೆ ಏನು ಹೇಳ್ತದೋ ಅದನ್ನೇ ಬರೀರಿ. ಕೆಟ್ಟಿದ್ರೆ ಕೆಟ್ಟೈತೆ ಅನ್ನಿ" ಎಂದ. ಹಾಗೆ ಹೇಳಿದ್ದರಿಂದಲೇ ನನಗೆ ಇನ್ನಷ್ಟು ಕಷ್ಟವಾಯಿತು.

ಕಂಪನಿಯ ಫಾರಂ ಇಂಗ್ಲಿಷಿನದು. ಗುಡ್, ಫೇರ್, ಪೂರ್ ಎಂದು ಮೂರು ಚೌಕ, ಕೆಳಗೆ ಎರಡು ಗೆರೆ ಖಾಲಿ. ನನಗೆ ಅನಿಸಿದ್ದು ಆ ಮೂರು ಚೌಕದಲ್ಲಿ ಹಿಡಿಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ನನಗೆ ಗೊತ್ತಿದ್ದದ್ದು ಬಿಟರ್, ವೆರಿ ಬಿಟರ್ ಅಷ್ಟೆ. ಮನೆಯಲ್ಲಿ ಸಂಜೆ ಕೂತು ಎರಡು ಹಾಳೆಯ ತುಂಬ ಕನ್ನಡದಲ್ಲಿ ಬರೆದೆ. ಅದರ ನಕಲು ಈಗಲೂ ನನ್ನ ಹತ್ತಿರ ಇದೆ.

"ಬಣ್ಣ ಹುಣಸೆಹಣ್ಣು ಹಾಕಿ ಆಗತಾನೇ ಬೆಳಗಿದ ತಾಮ್ರದ ಚೊಂಬಿನದು. ನೊರೆ ಗಟ್ಟಿ. ಬೇಗ ಇಳಿಯುವುದಿಲ್ಲ, ಇಳಿದ ಮೇಲೂ ಒಳಮೈಗೆ ಅಂಟಿಕೊಂಡಿರುತ್ತದೆ. ಮೂಗಿಗೆ ಮೊದಲು ಬರುವುದು ಚಕ್ಕೋತದ ಸಿಪ್ಪೆ, ಅದರ ಹಿಂದೆ ಮಾವಿನಕಾಯಿ ತೊಟ್ಟು ಮುರಿದಾಗ ಚಿಮ್ಮುವ ಸೊನೆ, ಅದರ ಹಿಂದೆ ಮರದ ಮಿಲ್ಲಿನಲ್ಲಿ ಆಗಷ್ಟೇ ಕೊಯ್ದ ಹಲಗೆ. ಮೊದಲ ಗುಟುಕಿಗೆ ಕೋಪ ಬರುತ್ತದೆ, ಹಾಗಲಕಾಯಿಯನ್ನು ಉಪ್ಪು ಹಚ್ಚಿ ಹಿಂಡದೆ ಗೊಜ್ಜು ಮಾಡಿದಂತಿದೆ. ಎರಡನೆಯ ಗುಟುಕಿಗೆ ಕಹಿಯ ಕೆಳಗೆ ಬೆಲ್ಲದ ಪಾಕ ಕಾಣುತ್ತದೆ. ಮೂರನೆಯದಕ್ಕೆ ಕಹಿಯೂ ಪಾಕವೂ ರಾಜಿಯಾಗುತ್ತವೆ. ನುಂಗಿದ ಮೇಲೆ ಎದೆಯಲ್ಲಿ ಮೆಣಸಿನ ಸಾರು ಕುಡಿದ ಬಿಸಿ. ಕಹಿ ಬಹಳ ಹೊತ್ತು ಉಳಿಯುತ್ತದೆ, ಆದರೆ ಶುದ್ಧವಾಗಿದೆ. ಹುಳಿಯಿಲ್ಲ, ಬೂಷ್ಟಿಲ್ಲ, ಕೊಳೆತ ಕೋಸಿನ ವಾಸನೆಯಿಲ್ಲ. ಇದು ಕೆಟ್ಟ ಪದಾರ್ಥವಲ್ಲ. ಅಳತೆ ತಪ್ಪಿದ ಒಳ್ಳೆಯ ಪದಾರ್ಥ. ಚೆಲ್ಲಬಾರದು."

ಬಿಯರ್ ಎಂಬ ಪದವನ್ನು ಮನೆಯಲ್ಲಿ ಬರೆಯಲು ಧೈರ್ಯ ಬರದೆ ಎಲ್ಲ ಕಡೆ 'ಪದಾರ್ಥ' ಎಂದೇ ಬರೆದಿದ್ದೆ. ಹಾಳೆಗಳನ್ನು ಮೇಜಿನ ಮೇಲೆ ಮರೆತು ಮಲಗಿದೆ. ಬೆಳಿಗ್ಗೆ ವ್ಯಾನಿನ ಅವಸರದಲ್ಲಿ ಮಡಿಚಿ ಚೀಲಕ್ಕೆ ತುರುಕಿಕೊಂಡು ಓಡಿದೆ.

ಹನ್ನೊಂದಕ್ಕೆ ದೊಡ್ಡಸಾರ್ ಬಂದರು. ಮೇಜಿನ ಮೇಲೆ ಒಂದು ಜಗ್ ಒಂಬತ್ತನೇ ಟ್ಯಾಂಕಿನ ಬಿಯರ್, ಪಕ್ಕದಲ್ಲಿ ಮುನಿಯಪ್ಪನ ಪತ್ರ. ಪ್ಯಾನಲ್‌ನವರೆಲ್ಲ ಸುತ್ತ ನಿಂತಿದ್ದೆವು, ಮುನಿಯಪ್ಪ ಜಗ್ಗಿನ ಹತ್ತಿರ. ನಾನು ವರದಿ ಕೊಟ್ಟೆ. ಅವರು ಬಿಡಿಸಿ ನೋಡಿ ಹುಬ್ಬೇರಿಸಿದರು. "ಏನಮ್ಮಾ, ಇದಕ್ಕೆ ಹತ್ತಕ್ಕೆ ಏಳು ಅಂಕ ಕೊಟ್ಟಿರೋದು ಯಾರು?"

ಬಗ್ಗಿ ನೋಡಿದೆ. ಹಾಳೆ ತುಂಬ ಕೆಂಪು ಇಂಕು. ದೊಡ್ಡಸಾರ್ ಜೋರಾಗಿ ಓದತೊಡಗಿದರು. "'ಹಿಂದೆ' ಎಂಬ ಪದ ಒಂದೇ ವಾಕ್ಯದಲ್ಲಿ ಎರಡು ಸಲ. ಗಮನಿಸು. ಗುಟುಕಿಗೆ ಕೋಪ ಬರುವುದಿಲ್ಲ, ಕುಡಿಯುವವನಿಗೆ ಬರುತ್ತದೆ. ಉಪಮೆಗಳು ಚೆನ್ನಾಗಿವೆ. ಪ್ರಮಾಣ ಎಷ್ಟು? ಊಟಕ್ಕೆ ಮುಂಚೆಯೋ ಅನಂತರವೋ? ಹಾಲಿನಲ್ಲೋ ಜೇನಿನಲ್ಲೋ? ಅನುಪಾನ ತಿಳಿಸಿಲ್ಲ."

"ನಮ್ಮ ತಂದೆ ಸಾರ್" ಎಂದೆ. "ಕಷಾಯ ಅಂದ್ಕೊಂಡಿದಾರೆ."

ಇದನ್ನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬಾಗಿಲು ತೆರೆಯಿತು. ಕಂಪನಿ ವ್ಯಾನಿನ ಡ್ರೈವರ್ ಯಾರನ್ನೋ ಗೌರವದಿಂದ ಒಳಗೆ ಬಿಟ್ಟ. ಬಿಳಿ ಪಂಚೆ, ಕೋಟು, ಕೈಯಲ್ಲಿ ಮುಚ್ಚಳದ ಸ್ಟೀಲ್ ಕ್ಯಾನು. ನಮ್ಮಪ್ಪ.

"ಗಿರಿಜಾ, ನೀನು ಬರೆದಿರೋ ಪದಾರ್ಥ ನನಗೇ ಮಾಡಿದ ಹಾಗಿದೆ ಕಣಮ್ಮಾ. ಕಹಿ ಇಷ್ಟು ಶುದ್ಧವಾಗಿದ್ರೆ ಸಕ್ಕರೆ ಕಾಯಿಲೆ ನಿಲ್ಲುತ್ಯೇ? ಸಂಜೆವರೆಗೂ ಯಾಕೆ ಕಾಯೋದು ಅಂತ ನಾನೇ ಬಂದೆ" ಎಂದರು. ಆಮೇಲೆ ದೊಡ್ಡಸಾರ್ ಕಡೆ ತಿರುಗಿ ಕೈಮುಗಿದರು. "ತಾವು ವೈದ್ಯರೋ?"

ದೊಡ್ಡಸಾರ್ ಎದ್ದು ಕುರ್ಚಿ ಕೊಟ್ಟರು. ತುಟಿ ಅದುರುತ್ತಿತ್ತು. "ಅಲ್ಲ ಮೇಷ್ಟ್ರೇ, ಬರೀ ಮಾಲೀಕ. ನೀವು ಸರಿಯಾದ ಹೊತ್ತಿಗೇ ಬಂದ್ರಿ. ಇದನ್ನ ಚೆಲ್ಲಬೇಕು ಅಂತಾರೆ ನಮ್ಮ ಮ್ಯಾನೇಜರು. ಮಾಡಿದವನನ್ನ ಕೆಲಸದಿಂದ ತೆಗೀಬೇಕಂತೆ."

"ಯಾಕೆ?"

"ಕಹಿ ಜಾಸ್ತಿ ಆಯ್ತಂತೆ."

ಅಪ್ಪನಿಗೆ ಸಿಟ್ಟು ಬಂತು. "ಕಹಿ ಅಂತ ಯಾರಾದ್ರೂ ಔಷಧಿ ಚೆಲ್ತಾರೇನ್ರೀ? ಸಕ್ಕರೆ ಕಾಯಿಲೆಯೋರು ನಮ್ಮ ರಾಜಾಜಿನಗರ ಒಂದರಲ್ಲೇ ಎಷ್ಟು ಜನ ಇದೀವಿ! ಮಾಡಿದವನು ಯಾರು? ನೀನೇನಪ್ಪಾ? ಪುಣ್ಯಾತ್ಮ, ಇದಕ್ಕೆ ಸ್ವಲ್ಪ ಹಾಕು" ಎಂದು ಕ್ಯಾನಿನ ಮುಚ್ಚಳ ತೆಗೆದು ಮುನಿಯಪ್ಪನ ಮುಂದೆ ಹಿಡಿದರು.

ಮುನಿಯಪ್ಪ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಜಗ್ಗನ್ನು ಬಗ್ಗಿಸಿದ. ನೊರೆ ಉಕ್ಕಿ, ಕ್ಯಾನಿನ ಬಾಯಿ ದಾಟಿ, ಅಪ್ಪನ ಕೋಟಿನ ತೋಳಿಗೆ ಇಳಿಯಿತು.

"ಕಷಾಯಕ್ಕೆ ಇಷ್ಟೊಂದು ನೊರೆ ಯಾಕೆ?" ಎಂದರು ಅಪ್ಪ.

ಪೊನ್ನಪ್ಪ ಮೀಸೆ ಒರೆಸಿಕೊಂಡರು. ಬೇರೆ ಯಾರಾದರೂ ಹೇಳಲಿ ಎಂದು ನಾನು ಕಾದೆ, ಆ ಕೆಲಸ ನನ್ನದೇ ಎಂದು ಗೊತ್ತಿದ್ದೂ ಕಾದೆ. ಕೊನೆಗೆ ಹೇಳಿದೆ. "ಅಪ್ಪಾ, ಅದು ಬಿಯರ್. ಇದು ಬಿಯರ್ ಕಂಪನಿ. ನಾನು ದಿನಾ ಅದರ ರುಚಿ ನೋಡ್ತೀನಿ."

ಅಪ್ಪ ಕ್ಯಾನನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. "ನುಂಗ್ತೀಯಾ?"

"ನುಂಗ್ತೀನಿ. ಮೂರು ಗುಟುಕು."

"ಎಷ್ಟು ವರ್ಷದಿಂದ?"

"ಮೂರು."

ಅವರು ಎದ್ದು, ದೊಡ್ಡಸಾರ್ ಕೈಯಲ್ಲಿದ್ದ ಹಾಳೆಗಳನ್ನು ತೆಗೆದುಕೊಂಡರು. ಹರಿದುಹಾಕುತ್ತಾರೆ ಎಂದುಕೊಂಡೆ. ಜೇಬಿನಿಂದ ಕೆಂಪು ಪೆನ್ನು ತೆಗೆದು 'ಅನುಪಾನ ತಿಳಿಸಿಲ್ಲ' ಎಂಬ ಸಾಲನ್ನು ಹೊಡೆದುಹಾಕಿದರು. ಹಾಲು ಜೇನಿನ ಸಾಲನ್ನೂ ಹೊಡೆದುಹಾಕಿದರು. ಉಳಿದ ತಿದ್ದುಪಡಿಗಳನ್ನೂ ಏಳು ಅಂಕವನ್ನೂ ಹಾಗೇ ಬಿಟ್ಟು, ಹಾಳೆ ವಾಪಸು ಕೊಟ್ಟು ಬಾಗಿಲ ಕಡೆ ನಡೆದರು. ಅಲ್ಲಿ ನಿಂತು ನನ್ನ ಕಡೆ ತಿರುಗಿದರು.

"ಬಿಯರ್ ಅಂತ ಅವತ್ತೇ ಹೇಳಿದ್ರೆ ಎರಡು ದಿನ ಮಾತು ಬಿಡ್ತಿದ್ದೆ. ಈಗ ಎಷ್ಟು ದಿನ ಬಿಡಬೇಕು ಅಂತ ಯೋಚನೆ ಮಾಡ್ಬೇಕು" ಎಂದು ಹೊರಟುಹೋದರು. ಕ್ಯಾನು ಅಲ್ಲೇ ಉಳಿಯಿತು.

ಮೊದಲು ಮಾತಾಡಿದ್ದು ರಂಗಸ್ವಾಮಿ. ಅವರು ಅಪ್ಪನ ಕ್ಯಾನನ್ನು ಎತ್ತಿ ಮೂಸಿದರು. "ಸಾರ್, ನನಗೆ ಎಂಟು ವರ್ಷದಿಂದ ಯಾವ ವಾಸನೇನೂ ಬರ್ತಿರಲಿಲ್ಲ. ನಶ್ಯದಿಂದ. ಸುಮ್ನೆ ಸಹಿ ಹಾಕ್ತಿದ್ದೆ. ಇದೊಂದರ ವಾಸನೆ ಬಂತು. ನಿನ್ನೆಯಿಂದ ಗ್ಲಾಸು ಟೇಬಲ್ ಮೇಲಿಟ್ಕೊಂಡು ಮೂಸ್ತಾ ಇದೀನಿ. ಚಕ್ಕೋತ ಹೌದೋ ಅಲ್ವೋ ಗೊತ್ತಿಲ್ಲ. ಆದ್ರೆ ಚೆಲ್ಲೋದು ಬೇಡ ಸಾರ್" ಎಂದರು. ನಮಗೆ ಮೊದಲೇ ಗೊತ್ತಿತ್ತೆಂದು ಯಾರೂ ತೋರಿಸಿಕೊಳ್ಳಲಿಲ್ಲ. ಪೊನ್ನಪ್ಪನಂತೂ ಬಹಳ ಆಶ್ಚರ್ಯಪಟ್ಟವರಂತೆ ನಟಿಸಿದರು.

ದೊಡ್ಡಸಾರ್ ನನ್ನ ವರದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಗ್ಲಾಸು ಹಿಡಿದು, ಒಂದೊಂದು ಸಾಲಿಗೆ ಒಂದೊಂದು ಗುಟುಕು ಕುಡಿದರು. "ಕೋಪ ಬಂತು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಪಾಕ ಬಂತು" ಎಂದರು. ಕೊನೆಯ ಸಾಲು ಮುಟ್ಟುವ ಹೊತ್ತಿಗೆ ಮುನಿಯಪ್ಪನ ಪತ್ರ ಗ್ಲಾಸಿನ ಕೆಳಗೆ ಒದ್ದೆಯಾಗಿ, ಅಕ್ಷರ ಕಲಸಿಹೋಗಿತ್ತು. ಅದನ್ನು ಇನ್ನೊಮ್ಮೆ ಟೈಪು ಮಾಡಿಸುವ ಮಾತು ಯಾರೂ ಎತ್ತಲಿಲ್ಲ. ಒಂಬತ್ತನೇ ಟ್ಯಾಂಕನ್ನು ಉಳಿದ ಟ್ಯಾಂಕುಗಳಿಗೆ ಅಷ್ಟಷ್ಟೇ ಬೆರೆಸಿ ಮುಗಿಸಿದೆವು. ಶಿಕ್ಷೆಯೆಂದರೆ ಒಂದೇ. ಅಲ್ಲಿಂದ ಮುಂದೆ ಪೊನ್ನಪ್ಪ ಹಾಪ್ಸ್ ಹಾಕಿದರೆ "ಹಾಕಿದೀನಿ" ಎಂದು ಕೂಗಬೇಕು, ಮುನಿಯಪ್ಪ "ಕೇಳಿಸ್ತು" ಎಂದು ಕೂಗಬೇಕು. ಈಗ ಕಂಪ್ಯೂಟರಿನಲ್ಲಿ ಗುಂಡಿ ಒತ್ತುತ್ತಾರಂತೆ. ಕೂಗುವ ಪದ್ಧತಿ ಕೆಟ್ಟದ್ದೇನಲ್ಲ, ಅದು ಬಂದ ಮೇಲೆ ಹಂಡೆಗೆ ಎರಡು ಸಲ ಹಾಪ್ಸ್ ಬಿದ್ದದ್ದಿಲ್ಲ.

ಮನೆಯಲ್ಲಿ ಅಪ್ಪ ಮಾತು ಬಿಟ್ಟರು. ಏನಾದರೂ ಬೇಕಿದ್ದರೆ ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಡುತ್ತಿದ್ದರು. "ಗಿರಿಜಾ ಪತ್ರಿಕೆ ಓದಿ ಮುಗಿಸಿದ್ದರೆ ಕೊಡತಕ್ಕದ್ದು." ನಾನೂ ಚೀಟಿಯಲ್ಲೇ ಉತ್ತರ ಬರೆದೆ. ಅದು ತಿದ್ದಿಸಿಕೊಂಡು ವಾಪಸು ಬಂತು. ಅಮ್ಮನಿಗೆ ವಿಷಯ ತಿಳಿದು ಎದೆ ಒಡೆಯುತ್ತದೇನೋ ಎಂದು ನಾನು ಹೆದರಿದ್ದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತ, "ಮೂರು ವರ್ಷದಿಂದ ದಿನಾ ಏಲಕ್ಕಿ ತಿಂದ್ಕೊಂಡು ಬರ್ತೀಯ. ನನಗೆ ಮೂಗಿಲ್ವೇನೇ? ಕಂಪನಿ ವ್ಯಾನ್ ಕೊಡ್ತಾರೆ, ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸ್ತಾರೆ, ಇರಲಿ ಬಿಡು ಅಂತ ಸುಮ್ನಿದ್ದೆ" ಎಂದಳು.

ಹನ್ನೊಂದನೆಯ ದಿನ ಭಾನುವಾರ. ಅಪ್ಪ ಜಗಲಿಯಲ್ಲಿ ಕೂತು ಯಾರದೋ ಗೃಹಪ್ರವೇಶದ ಕರೆಯೋಲೆ ತಿದ್ದುತ್ತಿದ್ದರು. ಗೇಟು ಕಿರ್ರೆಂದಿತು. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಮುನಿಯಪ್ಪ ಬಂದಿದ್ದ. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ಹುಣಸೆಹಣ್ಣು ಹಾಕಿ ತೊಳೆದು ತಂದ ಅಪ್ಪನ ಕ್ಯಾನು. ಜಗಲಿಯ ಕೆಳಗೇ ನಿಂತು ಕೈಮುಗಿದ.

"ಸಾರ್, ನಿಮ್ಮ ಮಗಳು ಬರೆದು, ನೀವು ತಿದ್ದಿದ ಕಾಗದದಿಂದ ನನ್ ಕೆಲಸ ಉಳೀತು. ಮೂರು ಮಕ್ಕಳವ್ರೆ ಸಾರ್. ಅವತ್ತು ನೀವು ನನ್ನ ಪುಣ್ಯಾತ್ಮ ಅಂದ್ರಿ. ನಮ್ ಕಂಪನೀಲಿ ಇದುವರೆಗೂ ಯಾರೂ ಅಂದಿರ್ಲಿಲ್ಲ."

ಅಪ್ಪ ಕರೆಯೋಲೆಯನ್ನು ಪಕ್ಕಕ್ಕಿಟ್ಟರು. "ಮೇಲೆ ಬಂದು ಕೂತ್ಕೊಳಪ್ಪಾ" ಎಂದರು. ಅಮ್ಮ ಕಾಫಿ ತಂದಳು. ಮುನಿಯಪ್ಪ ಕಾಫಿ ಕುಡಿದ. ಅಪ್ಪ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದರು, ಮತ್ತೆ ಮುಚ್ಚಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಗಿರಿಜಾ" ಎಂದರು.

ಹನ್ನೊಂದು ದಿನದ ಮೇಲೆ ನನ್ನ ಹೆಸರು. ಹೊರಗೆ ಬಂದೆ.

"ಆ ವರದೀಲಿ ನೀನು 'ಕಹಿ' 'ಕಹಿ' ಅಂತಲೇ ಹೇಳ್ಕೊಂಡು ಹೋಗಿದೀಯ. ಕಹಿ ಬೇರೆ, ಒಗರು ಬೇರೆ. ನುಂಗಿದ ಮೇಲೆ ಬಾಯಿ ಒಣಗುತ್ತೋ ಇಲ್ವೋ?"

"ಒಣಗುತ್ತಪ್ಪಾ."

"ಎಲ್ಲಿ? ನಾಲಿಗೆ ಮೇಲೋ, ಒಸಡಿನಲ್ಲೋ?"

ನಾನು ನೆನಪು ಮಾಡಿಕೊಳ್ಳುತ್ತ ನಿಂತೆ. ಮುನಿಯಪ್ಪ ಉತ್ತರ ಹೇಳಿದ. "ಒಸಡಲ್ಲಿ ಸಾರ್. ಬಾಳೆಕಾಯಿ ಕಚ್ಚಿದಂಗೆ."

"ಹಂಗಾದ್ರೆ ಅದು ಒಗರು. ಏಳು ಅಂಕ ಜಾಸ್ತಿ ಆಯ್ತು ಅದಕ್ಕೆ" ಎಂದರು ಅಪ್ಪ. "ಮುಂದಿನ ವರದಿ ಯಾವತ್ತು?"

"ನಾಳೆ."

"ಕೂತ್ಕೊ. ಹಾಳೆ ತಗೊಂಡು ಬಾ ಮೊದಲು. ನೀನೂ ಇರಪ್ಪಾ ಮುನಿಯಪ್ಪ, ಒಸಡಿನ ವಿಷಯ ಇವಳಿಗೆ ಸರಿಯಾಗಿ ಗೊತ್ತಿಲ್ಲ."

ಹೊರಡಲು ಎದ್ದಿದ್ದ ಮುನಿಯಪ್ಪ ಮತ್ತೆ ಕೂತ. ನಾನು ಒಳಗೆ ಹೋಗಿ ಹಾಳೆ ತಂದೆ.